ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯಲ್ಲಿ ಮಾಂಸದಡುಗೆ: ಎಡವಟ್ಟಾದದ್ದು ಎಲ್ಲಿ ಎಂದು ಪತ್ತೆ ಹಚ್ಚುವ ಬಗೆ

ಮಾಂಸ ಕಹಿಯಾಯಿತು, ಅಡುಗೆಮನೆ ತುಂಬ ಹೊಗೆಯಾಯಿತು, ತುಂಡು ತಳಕ್ಕೆ ಅಂಟಿಕೊಂಡಿತು ಎಂದಾಗ ದೂರು ಮೊದಲು ಬೀಳುವುದು ಎಣ್ಣೆಯ ಮೇಲೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ (ಆಲಿವ್ ಕಾಯಿ ಹಿಂಡಿ ತೆಗೆದ, ಸಂಸ್ಕರಿಸದ ಎಣ್ಣೆ) ಸಲಾಡಿಗಷ್ಟೇ ಸರಿ, ಅದನ್ನು ಒಲೆಯ ಮೇಲೆ ಇಡಲೇಬಾರದು ಎಂಬ ಮಾತೂ ಹಿಂದೆಯೇ ಬರುತ್ತದೆ. ದೋಷಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹೆಚ್ಚಿನ ಸಲ ತಪ್ಪು ಇರುವುದು ಬಾಣಲೆಯ ಶಾಖದಲ್ಲಿ, ಇಲ್ಲವೇ ಮಾಂಸದ ಮೈಮೇಲಿರುವ ನೀರಿನಲ್ಲಿ. ಎಣ್ಣೆಯೇ ಕೆಟ್ಟಿರುವುದೂ ಉಂಟು, ಆದರೆ ಅದನ್ನು ಒಲೆ ಹಚ್ಚುವ ಮೊದಲೇ ಒಂದು ಚಮಚದಲ್ಲಿ ತಿಳಿಯಬಹುದು. ಹಾಗಾಗಿ ಪತ್ತೆ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಕೆಳಗೆ ಕೊಟ್ಟ ಉಷ್ಣತೆಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ದೊಡ್ಡ ಚಮಚ ಎಂದರೆ 15 ಮಿಲಿ, ಚಿಕ್ಕ ಚಮಚ ಎಂದರೆ 5 ಮಿಲಿ.

ಮೊದಲು ಬಾಟಲಿ

ಒಂದು ಚಿಕ್ಕ ಚಮಚ ಎಣ್ಣೆಯನ್ನು ಪುಟ್ಟ ಲೋಟಕ್ಕೆ ಹಾಕಿ, ಬಾಯಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯಲ್ಲಿ ಲೋಟದ ತಳ ಹಿಡಿದು ಒಂದು ನಿಮಿಷ ಬೆಚ್ಚಗೆ ಮಾಡಿ. ಅಂಗೈ ತೆಗೆದ ಕ್ಷಣ ಮೂಸಿ ನೋಡಿ. ಹಸಿ ಹುಲ್ಲು, ಎಲೆ, ಕಾಯಿ ಹಣ್ಣಿನ ವಾಸನೆ ಬಂದರೆ ಎಣ್ಣೆ ಚೆನ್ನಾಗಿದೆ. ಹಳೆಯ ಕಡಲೆಬೀಜದ ಕಮಟು, ಮೇಣದ ಬಳಪದ ವಾಸನೆ ಬಂದರೆ ಅದು ಆಕ್ಸಿಡೀಕರಣಗೊಂಡು ಹಳಸಿದೆ. ವಿನೆಗರಿನ ಹುಳಿ ನಾತ ಅಥವಾ ಮುಗ್ಗಲು ವಾಸನೆ ಬಂದರೆ ಕೆಟ್ಟದ್ದು ಮನೆಯಲ್ಲಲ್ಲ, ಹಿಂಡುವ ಮೊದಲೇ ಆಲಿವ್ ಕಾಯಿ ಕೊಳೆತಿತ್ತು. ಕಮಟು ಎಣ್ಣೆಯನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ. ಬಿಸಿಗೆ ಆ ವಾಸನೆ ಇನ್ನೂ ಎದ್ದು ಬರುತ್ತದೆ.

ಈಗ ಅದನ್ನೇ ನಾಲಿಗೆಗೆ ಹಾಕಿಕೊಂಡು ನುಂಗಿ. ನಾಲಿಗೆಯ ಹಿಂಭಾಗದಲ್ಲಿ ಕಹಿ, ಗಂಟಲಲ್ಲಿ ಖಾರದ ಕೆರೆತ, ಒಂದೆರಡು ಕೆಮ್ಮು ಬಂದರೆ ಹೆದರಬೇಕಿಲ್ಲ. ಗಂಟಲ ಕೆರೆತ ಓಲಿಯೊಕ್ಯಾಂಥಾಲ್ ಎಂಬ ಫೀನಾಲಿನದು (ಫೀನಾಲು ಎಂದರೆ ಎಣ್ಣೆ ಹಳಸದಂತೆ ತಡೆಯುವ ಒಂದು ಬಗೆಯ ವಸ್ತು). ಕಹಿ ಆಲಿವ್ ಕಾಯಿಯಲ್ಲಿರುವ ಓಲಿಯುರೋಪೀನ್‌ನಿಂದ ಹುಟ್ಟುವ ಬೇರೆ ಫೀನಾಲುಗಳದು. ಎರಡೂ ತಾಜಾತನದ ಗುರುತು. ಎಣ್ಣೆ ಬಿಸಿಯನ್ನು ತಾಳಿಕೊಳ್ಳಲು ನೆರವಾಗುವುದೂ ಇವೇ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಒಳ್ಳೆಯ ಎಣ್ಣೆಯ ಕಹಿಯನ್ನು ಕೆಡುಕೆಂದು ತಿಳಿದು ಎಸೆಯುತ್ತಾರೆ, ಸಪ್ಪೆಯಾಗಿ ಕಮಟಾದದ್ದನ್ನು 'ಮೃದುವಾಗಿದೆ' ಎಂದು ಉಳಿಸಿಕೊಳ್ಳುತ್ತಾರೆ.

ಲೇಬಲ್ಲಿನ ವಿಷಯ ಎರಡು ಮಾತು. ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಮಾನದಂಡದಂತೆ ಎಕ್ಸ್‌ಟ್ರಾ ವರ್ಜಿನ್ ಎನಿಸಿಕೊಳ್ಳಲು ಮುಕ್ತ ಆಮ್ಲ (ಕೊಬ್ಬು ಒಡೆದು ಬಿಡಿಯಾದ ಕೊಬ್ಬಿನಾಮ್ಲ) 100 ಗ್ರಾಮಿಗೆ 0.8 ಗ್ರಾಂ ಮೀರಬಾರದು, ರುಚಿಯಲ್ಲೂ ದೋಷ ಇರಬಾರದು. ಬರಿ 'ಆಲಿವ್ ಎಣ್ಣೆ' ಎಂದಿದ್ದರೆ ಅದು ಸಂಸ್ಕರಿಸಿದ ಎಣ್ಣೆಗೆ ಸ್ವಲ್ಪ ವರ್ಜಿನ್ ಬೆರೆಸಿದ್ದು. 'ಪೋಮಸ್' ಎಂದರೆ ಹಿಂಡಿದ ಚರಟದಿಂದ ದ್ರಾವಕ ಬಳಸಿ ತೆಗೆದದ್ದು. 'ಲೈಟ್' ಎಂಬುದು ಬಣ್ಣ ಮತ್ತು ರುಚಿಯ ಮಾತಷ್ಟೇ, ಕ್ಯಾಲೊರಿ ಎಲ್ಲದರಲ್ಲೂ ಒಂದೇ. ಫ್ರಿಜ್ಜಿನಲ್ಲಿಟ್ಟಾಗ ಗಟ್ಟಿಯಾದರೆ ಅಸಲಿ ಎಂಬ ಪರೀಕ್ಷೆಯನ್ನು ನಂಬಬೇಡಿ. ಅಸಲಿ ಎಣ್ಣೆಯೇ ಕಾಯಿಯ ತಳಿಗೆ ತಕ್ಕಂತೆ ಕೆಲವೊಮ್ಮೆ ಹೆಪ್ಪುಗಟ್ಟುತ್ತದೆ, ಕೆಲವೊಮ್ಮೆ ಮಸುಕಾಗುತ್ತದೆ ಅಷ್ಟೇ.

ಎಣ್ಣೆ ಒಲೆಯ ಪಕ್ಕದಲ್ಲಿ, ಪಾರದರ್ಶಕ ಬಾಟಲಿಯಲ್ಲಿ ನಿಂತಿದ್ದರೆ ಹಳಸಲು ಬೇರೆ ಕಾರಣ ಹುಡುಕಬೇಕಿಲ್ಲ. ಅದರೊಳಗಿನ ಪತ್ರಹರಿತ್ತು ಬೆಳಕು ಹೀರಿಕೊಂಡು ಆಕ್ಸಿಡೀಕರಣಕ್ಕೆ ದಾರಿ ಮಾಡುತ್ತದೆ. ಗಾಢ ಬಣ್ಣದ ಗಾಜು ಅಥವಾ ಡಬ್ಬ, ಬಿಗಿಯಾದ ಮುಚ್ಚಳ, ತಂಪಾದ ಕಪಾಟು ಬೇಕು. ಮುಚ್ಚಳ ತೆರೆದ ಬಾಟಲಿಯನ್ನು ಎರಡು ಮೂರು ತಿಂಗಳೊಳಗೆ ಮುಗಿಸಿ.

ಹೊಗೆ ಬರುತ್ತಿದೆ

ಬಂದದ್ದು ಹೊಗೆಯೋ ಹಬೆಯೋ ಮೊದಲು ನೋಡಿ. ಹಬೆ ಬಿಳಿಯಾಗಿ ಎದ್ದು ಒಂದಡಿ ಮೇಲೆ ಹೋಗುವಷ್ಟರಲ್ಲಿ ಮಾಯವಾಗುತ್ತದೆ, ಕಣ್ಣು ಉರಿಯುವುದಿಲ್ಲ. ಹೊಗೆ ತೆಳು ನೀಲಿಯಾಗಿ ಗಾಳಿಯಲ್ಲಿ ತೂಗಾಡುತ್ತ ನಿಲ್ಲುತ್ತದೆ, ಕಣ್ಣು ಮೂಗು ಚುರುಗುಟ್ಟುತ್ತವೆ. ಆ ಚುರುಕು ಅಕ್ರೋಲಿನ್‌ನದು. ಕೊಬ್ಬು ಒಡೆದು ಹೊರಬಂದ ಗ್ಲಿಸರಾಲ್ ಅತಿ ಶಾಖಕ್ಕೆ ಸಿಕ್ಕಾಗ ಅದು ಹುಟ್ಟುತ್ತದೆ. ಹಸಿ ಮಾಂಸ ಬಿದ್ದ ಕೂಡಲೇ ಏಳುವುದು ಹೆಚ್ಚಾಗಿ ಹಬೆ. ಮಾಂಸ ಹಾಕುವ ಮೊದಲೇ, ಖಾಲಿ ಎಣ್ಣೆಯಿಂದ ಎದ್ದರೆ ಅದು ಹೊಗೆ.

ಒಳ್ಳೆಯ ತಾಜಾ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಸುಮಾರು 190ರಿಂದ 210 ಡಿಗ್ರಿವರೆಗೆ ಹೊಗೆಯಾಡುವುದಿಲ್ಲ. ಮಾಂಸ ಕಂದಾಗುವ ಕ್ರಿಯೆ 140 ಡಿಗ್ರಿಯ ಆಸುಪಾಸಿನಲ್ಲೇ ಕಣ್ಣಿಗೆ ಕಾಣುವಷ್ಟು ನಡೆಯುತ್ತದೆ. ಬಾಣಲೆಯಲ್ಲಿ ಹುರಿಯಲು 160ರಿಂದ 180 ಸಾಕು. ಎಂದರೆ ಹೊಗೆ ಬರುವಷ್ಟು ಕಾಯಿಸುವ ಅಗತ್ಯವೇ ಇಲ್ಲ. ಹೊಗೆ ಬಂತೆಂದರೆ ನೀವು ಬೇಕಾದ್ದಕ್ಕಿಂತ ಕನಿಷ್ಠ ಹತ್ತಿಪ್ಪತ್ತು ಡಿಗ್ರಿ ಮುಂದೆ ಹೋಗಿದ್ದೀರಿ.

ಇಲ್ಲೊಂದು ಸಿಕ್ಕು ಇದೆ. ಸ್ಟೀಲ್ ಬಾಣಲೆ ಕಾದಿದೆಯೇ ಎಂದು ನೋಡಲು ನೀರಿನ ಹನಿ ಬಿಟ್ಟು, ಅದು ಪಾದರಸದ ಗುಂಡಿನಂತೆ ಉರುಳಾಡಬೇಕು ಎಂದು ಹಲವರು ಹೇಳಿಕೊಡುತ್ತಾರೆ. ಹನಿ ತನ್ನದೇ ಆವಿಯ ಮೇಲೆ ತೇಲಿ ಉರುಳುವುದು ಲೋಹ ಸುಮಾರು 200 ಡಿಗ್ರಿ ಮುಟ್ಟಿದಾಗ. ಅದೇ ಘಳಿಗೆಯಲ್ಲಿ ಈ ಎಣ್ಣೆ ಸುರಿದರೆ ಅದು ಹೊಗೆಯ ಗಡಿಯಲ್ಲೇ ಬೀಳುತ್ತದೆ. ಈ ಪರೀಕ್ಷೆ ಮಾಡುವುದಾದರೆ ಹನಿ ಉರುಳಿದ ಮೇಲೆ ಉರಿ ತಗ್ಗಿಸಿ, ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ ಬಿಟ್ಟು, ಎಣ್ಣೆ ಹಾಕಿ, ಹತ್ತು ಸೆಕೆಂಡಿನೊಳಗೆ ಮಾಂಸ ಇಡಿ. ಇದಕ್ಕಿಂತ ಸುಲಭದ ಗುರುತೂ ಇದೆ. ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ ಬಾಣಲೆಯನ್ನು ವಾಲಿಸಿ. ಮೊದಲು ಜೇನಿನಂತೆ ನಿಧಾನಕ್ಕೆ ಸರಿಯುತ್ತಿದ್ದ ಎಣ್ಣೆ ನೀರಿನಂತೆ ಓಡಿ, ಮೇಲ್ಮೈಯಲ್ಲಿ ಸಣ್ಣ ಸುಕ್ಕು ಅಲೆಗಳು ಮಿನುಗಿದರೆ ಹದ ಬಂದಿದೆ. ಒಂದು ಈರುಳ್ಳಿ ಚೂರು ಹಾಕಿ, ಹಾಕಿದ ತಕ್ಷಣ ಸುತ್ತ ಗುಳ್ಳೆ ಏಳಬೇಕು. ಅದು ಹತ್ತು ಸೆಕೆಂಡಿನಲ್ಲೇ ಅಂಚು ಕಪ್ಪಾದರೆ ಶಾಖ ಅತಿಯಾಗಿದೆ.

ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಣಗಿದ ಹೊಳೆಯುವ ಸ್ಟೀಲಿನ ಮೇಲೆ ಅದನ್ನು ನಂಬಬೇಡಿ. ಹೊಳಪು ಮೇಲ್ಮೈ ಸುತ್ತಲಿನ ತಂಪನ್ನು ಪ್ರತಿಫಲಿಸುವುದರಿಂದ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಎಣ್ಣೆ ಹರಡಿದ ಜಾಗಕ್ಕೆ ಹಿಡಿದರೆ ನಿಜಕ್ಕೆ ಹತ್ತಿರವಾಗುತ್ತದೆ.

ಶಾಖ ಸರಿಯಿದ್ದೂ ಬೇಗ ಹೊಗೆಯಾಡಿದರೆ ಮೂರು ಕಡೆ ನೋಡಿ. ಶೋಧಿಸದ, ಮಡ್ಡಿ ತೇಲುವ ಎಣ್ಣೆ ಬೇಗ ಹೊಗೆಯಾಡುತ್ತದೆ, ಆ ಮಡ್ಡಿ ಸೀಯುತ್ತದೆ. ಒಮ್ಮೆ ಕರಿದ ಎಣ್ಣೆಯಲ್ಲಿ ಮುಕ್ತ ಆಮ್ಲವೂ ಉಳಿದ ಚೂರುಗಳೂ ಇರುವುದರಿಂದ ಹೊಗೆಯ ಗಡಿ ಕೆಳಗಿಳಿದಿರುತ್ತದೆ. ಮೂರನೆಯದು ಬಾಣಲೆಯ ಅಂಚು. ಉರಿ ತಳಕ್ಕಿಂತ ಅಗಲವಾಗಿದ್ದರೆ ನಡುವೆ 170 ಇದ್ದರೂ ಅಂಚಿನ ತೆಳು ಎಣ್ಣೆ ಪದರ ಸೀದು ಹೊಗೆ ಕೊಡುತ್ತದೆ. ಹೊಗೆ ಅಂಚಿನಿಂದ ಏಳುತ್ತಿದೆಯೇ, ನಡುವಿನಿಂದಲೇ ಎಂದು ಬಗ್ಗಿ ನೋಡಿದರೆ ಸಾಕು, ತಿಳಿಯುತ್ತದೆ.

ತೆಳು ಹೊಗೆ ಎದ್ದ ಮಾತ್ರಕ್ಕೆ ಎಣ್ಣೆ ವಿಷವಾಗುವುದಿಲ್ಲ. ಬಾಣಲೆಯನ್ನು ಉರಿಯಿಂದ ಸರಿಸಿ ಒಂದು ನಿಮಿಷ ತಣಿಸಿ ಮುಂದುವರಿಸಬಹುದು. ದಟ್ಟ ಹೊಗೆ ಬಂದು ಬಣ್ಣ ಕಂದಾಗಿದ್ದರೆ ಎಣ್ಣೆ ಚೆಲ್ಲಿ, ಬಾಣಲೆ ಒರೆಸಿ ಹೊಸದಾಗಿ ಶುರು ಮಾಡಿ. ಎಣ್ಣೆಗೆ ಬೆಂಕಿಯೇ ಹತ್ತಿದರೆ ಒಲೆ ಆರಿಸಿ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ. ನೀರು ಮಾತ್ರ ಹಾಕಲೇಬೇಡಿ.

ಕಂದಾಗಲಿಲ್ಲ, ಬೂದು ಬಣ್ಣಕ್ಕೆ ಬೆಂದುಹೋಯಿತು

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಎಣ್ಣೆ ಬದಲಾಯಿಸಿದರೆ ಸ್ವಲ್ಪವೂ ಸರಿಹೋಗದ ದೋಷವೂ ಇದೇ.

ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಮೈಮೇಲೆ ನೀರು ಇರುವವರೆಗೆ ಆ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ, ಕಂದಾಗಲು ಬೇಕಾದದ್ದು 140. ತೊಳೆದು ಹಾಗೆಯೇ ಹಾಕಿದ ತುಂಡುಗಳ ಜೊತೆ ಒಂದು ದೊಡ್ಡ ಚಮಚ ನೀರು ಬಾಣಲೆಗೆ ಹೋದರೂ ಅದನ್ನು ಆವಿ ಮಾಡಲು ಸುಮಾರು 39 ಕಿಲೋಜೂಲ್ ಬೇಕು. ಮನೆಯ ಸಾಮಾನ್ಯ ಗ್ಯಾಸ್ ಉರಿ ಬಾಣಲೆಗೆ ಮುಟ್ಟಿಸುವ ಶಾಖದಲ್ಲಿ ಅದು ಅರ್ಧ ನಿಮಿಷಕ್ಕೂ ಹೆಚ್ಚಿನ ಕೆಲಸ. ಅಷ್ಟರಲ್ಲಿ ಬಾಣಲೆ ತಣ್ಣಗಾಗಿ, ಮಾಂಸ ಒಳಗಿನ ನೀರನ್ನೂ ಬಿಡಲು ಶುರುಮಾಡುತ್ತದೆ, ಆ ನೀರಲ್ಲೇ ಬೇಯುತ್ತದೆ.

ಕಿವಿಗೊಟ್ಟು ಕೇಳಿದರೆ ದೋಷ ಗೊತ್ತಾಗುತ್ತದೆ. ಸರಿಯಾಗಿ ಹುರಿಯುವಾಗ ಚರಚರ ಎಂಬ ಬಿಗಿಯಾದ ಸದ್ದು ಒಂದೇ ಸಮ ಬರುತ್ತದೆ. ನೀರು ಸೇರಿದಾಗ ಸದ್ದು ತಗ್ಗಿ, ಗುಳುಗುಳು ಎಂಬ ಕುದಿತಕ್ಕೆ ತಿರುಗುತ್ತದೆ. ಸದ್ದು ಬದಲಾದ ಕೂಡಲೇ ಅರ್ಧ ತುಂಡುಗಳನ್ನು ಇಕ್ಕಳದಿಂದ ತಟ್ಟೆಗೆ ತೆಗೆದು, ಸೇರಿದ ನೀರನ್ನು ಬಟ್ಟಲಿಗೆ ಬಗ್ಗಿಸಿ, ಉರಿ ಹೆಚ್ಚಿಸಿ. ಬಗ್ಗಿಸಿದ ನೀರನ್ನು ಚೆಲ್ಲಬೇಡಿ, ಗ್ರೇವಿಗೆ ಬೇಕಾಗುತ್ತದೆ.

ಮುಂದಿನ ಸಲಕ್ಕೆ ಹೀಗೆ ಮಾಡಿ. ಶುದ್ಧ ಬಟ್ಟೆ ಅಥವಾ ಕಾಗದದಿಂದ ಪ್ರತಿ ತುಂಡನ್ನೂ ಒತ್ತಿ ಒರೆಸಿ, ಕಾಗದ ಒದ್ದೆಯಾಗದೆ ಹೊರಬರುವವರೆಗೆ ಒರೆಸಬೇಕು. ಕಿಲೋ ಮಾಂಸಕ್ಕೆ 10ರಿಂದ 12 ಗ್ರಾಂ ಉಪ್ಪು ಸರಿ. ಮಾಂಸವನ್ನು ಬಾಣಲೆಗೆ ಹಾಕುವ ಕ್ಷಣದಲ್ಲಿ ಉಪ್ಪು ಹಚ್ಚಿ, ಇಲ್ಲವೇ ಕನಿಷ್ಠ 40 ನಿಮಿಷ ಮೊದಲೇ ಹಚ್ಚಿಡಿ. ನಡುವಿನ ಹತ್ತು ಇಪ್ಪತ್ತು ನಿಮಿಷ ಅತ್ಯಂತ ಕೆಟ್ಟ ಹೊತ್ತು. ಉಪ್ಪು ನೀರನ್ನು ಹೊರಗೆಳೆದಿರುತ್ತದೆ, ಮಾಂಸ ಅದನ್ನು ಮತ್ತೆ ಒಳಗೆ ಹೀರಿಕೊಂಡಿರುವುದಿಲ್ಲ. ಮೊದಲೇ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿ ಮುಚ್ಚದೆ ರಾತ್ರಿಯಿಡೀ ಬಿಟ್ಟರೆ ಮೇಲ್ಮೈ ಚರ್ಮದಂತೆ ಒಣಗಿ ತುಂಬ ಚೆನ್ನಾಗಿ ಕಂದಾಗುತ್ತದೆ. ಒಂದು ರಾತ್ರಿಯ ಜಾಗ ಕೊಡಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಮಗೆ ಗೊತ್ತಿಲ್ಲ.

26 ಸೆಂಟಿಮೀಟರ್ ಅಗಲದ ಬಾಣಲೆಗೆ ಒಂದು ಸಲಕ್ಕೆ 250ರಿಂದ 300 ಗ್ರಾಂ ಮಾಂಸ, ಒಂದರಿಂದ ಒಂದೂವರೆ ದೊಡ್ಡ ಚಮಚ ಎಣ್ಣೆ. ತುಂಡುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ, ಹಬೆ ಹೊರಗೆ ಹೋಗಬೇಕಾದದ್ದು ಅಲ್ಲಿಂದಲೇ. ಮುಚ್ಚಳ ಹಾಕಬೇಡಿ. ತೆಳು ತಳದ ಅಲ್ಯೂಮಿನಿಯಂ ಬಾಣಲೆ ಶಾಖ ಹಿಡಿದಿಟ್ಟುಕೊಳ್ಳುವುದಿಲ್ಲ, ಅದರಲ್ಲಿ 150 ಗ್ರಾಮಿಗಿಂತ ಹೆಚ್ಚು ಹಾಕಿದರೆ ಮತ್ತೆ ಅದೇ ಬೂದು ಬಣ್ಣ.

ತುಂಡು ಅಂಟಿಕೊಂಡಿದೆ

ಹಸಿ ಮಾಂಸದ ಪ್ರೋಟೀನು ಬಿಸಿ ಲೋಹಕ್ಕೆ ಕಚ್ಚಿಕೊಳ್ಳುವುದು ಸಹಜ. ಬಾಣಲೆ ಸರಿಯಾಗಿ ಕಾದಿದ್ದರೆ ತಳಭಾಗ ಒಣಗಿ ಗಟ್ಟಿ ಪದರವಾಗಿ ತಾನಾಗಿಯೇ ಬಿಡುತ್ತದೆ. ಅವಸರದಲ್ಲಿ ಎಳೆದಾಗ ಹರಿದು, ಅರ್ಧ ಬಾಣಲೆಯಲ್ಲೇ ಉಳಿಯುತ್ತದೆ. ಎರಡು ಸೆಂಟಿಮೀಟರ್ ದಪ್ಪದ ತುಂಡನ್ನು ಮೂರು ನಿಮಿಷ ಅಲುಗಾಡಿಸದೆ ಬಿಡಿ, ನಂತರ ಒಂದು ಮೂಲೆಯನ್ನಷ್ಟೇ ಇಕ್ಕಳದಿಂದ ಎತ್ತಿ ನೋಡಿ. ಎಳೆತ ಕಂಡರೆ ಇನ್ನರ್ಧ ನಿಮಿಷ ಕಾಯಿರಿ. ಆಗಲೂ ಬಿಡದಿದ್ದರೆ ಬಾಣಲೆ ಸಾಕಷ್ಟು ಕಾದಿರಲಿಲ್ಲ, ಅಥವಾ ಮಸಾಲೆಯಲ್ಲಿ ಸಕ್ಕರೆ, ಮೊಸರು, ಹಿಟ್ಟು ಇದೆ. ಇವು ಮಾಂಸಕ್ಕಿಂತ ಮೊದಲೇ ತಳ ಹಿಡಿಯುತ್ತವೆ. ನೆನೆಹಾಕಿದ ಮಾಂಸವನ್ನು ಹುರಿಯುವ ಮೊದಲು ಮೇಲಿನ ಮಸಾಲೆಯನ್ನು ಬೆರಳಿನಿಂದ ಸವರಿ ತೆಗೆದು, ಅದನ್ನು ಕೊನೆಗೆ ಗ್ರೇವಿಗೆ ಸೇರಿಸಿ ಚೆನ್ನಾಗಿ ಕುದಿಸಿ. ಹಸಿ ಮಾಂಸ ಮುಟ್ಟಿದ ಮಸಾಲೆ ಅದು, ಬರಿ ಬಿಸಿ ಮಾಡಿದರೆ ಸಾಲದು.

ತಳಕ್ಕೆ ಅಂಟಿದ್ದನ್ನು ಕೆರೆಯಲು ಹೋಗಬೇಡಿ. ಮಾಂಸ ತೆಗೆದ ಮೇಲೆ 60 ಮಿಲಿ ಬಿಸಿ ನೀರು ಸುರಿದು ಮರದ ಸಟ್ಟುಗದಿಂದ ಉಜ್ಜಿದರೆ ಎಲ್ಲ ಎದ್ದುಬರುತ್ತದೆ. ಅದು ಕಂದಿದ್ದರೆ ಊಟದ ರುಚಿಯೆಲ್ಲ ಅಲ್ಲೇ ಇದೆ. ಕಪ್ಪಾಗಿದ್ದರೆ ಮುಂದಿನ ಭಾಗ ಓದಿ.

ಕಹಿಯಾಗಿದೆ

ಕಹಿಯ ಮೂಲ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ, ಯಾಕೆಂದರೆ ಐದಾರು ಬೇರೆ ಬೇರೆ ಕಾರಣಗಳು ಬಾಯಿಗೆ ಒಂದೇ ತರ ಬರುತ್ತವೆ. ಮಾಂಸದ ಒಂದು ತುಂಡನ್ನು ಬಿಸಿ ನೀರಲ್ಲಿ ಜಾಲಿಸಿ ತಿನ್ನಿ. ಕಹಿ ಹೋದರೆ ಅದು ಗ್ರೇವಿಯಲ್ಲಿದೆ. ಉಳಿದರೆ ಮಾಂಸದ ಮೇಲ್ಪದರವೇ ಸೀದಿದೆ. ಆ ಕಪ್ಪು ಪದರವನ್ನು ಚಾಕುವಿನಿಂದ ಹೆರೆದು ತೆಗೆದರೆ ಒಳಗಿನದು ಉಳಿಯುತ್ತದೆ.

ಗ್ರೇವಿಯಲ್ಲಿದ್ದರೆ ಮೊದಲ ಅನುಮಾನ ಬೆಳ್ಳುಳ್ಳಿಯ ಮೇಲೆ. ಸಣ್ಣಗೆ ಕೊಚ್ಚಿದ ಬೆಳ್ಳುಳ್ಳಿ ಮಾಂಸ ಹುರಿಯುವ ಶಾಖದಲ್ಲಿ ಒಂದು ನಿಮಿಷವೂ ತಡೆಯುವುದಿಲ್ಲ. ಹೊಂಬಣ್ಣದಿಂದ ಕಡುಕಂದಿಗೆ ತಿರುಗಿದರೆ ಮುಗಿಯಿತು, ಒಂದು ಎಸಳು ಇಡೀ ಪಾತ್ರೆಯನ್ನು ಕಹಿ ಮಾಡಬಲ್ಲದು. ಮಾಂಸ ಹುರಿದು ತೆಗೆದ ಮೇಲೆ, ಉರಿ ಸಣ್ಣ ಮಾಡಿ, ಒಂದು ನಿಮಿಷ ಬಾಣಲೆ ತಣಿಸಿ ಆಮೇಲೆ ಬೆಳ್ಳುಳ್ಳಿ ಹಾಕಿ. ಘಮ ಎದ್ದ ಕೂಡಲೇ, ಸುಮಾರು 30 ಸೆಕೆಂಡಿಗೆ, ನೀರೋ ಟೊಮೆಟೊವೋ ಹಾಕಿ ಶಾಖ ಇಳಿಸಿ.

ಎರಡನೆಯದು ಪುಡಿ ಮಸಾಲೆ. ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಜೀರಿಗೆ ಪುಡಿ ಬರಿ ಎಣ್ಣೆಗೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸೀಯುತ್ತವೆ. ಎರಡು ಚಿಕ್ಕ ಚಮಚ ಪುಡಿಗೆ ಮೂರು ಚಿಕ್ಕ ಚಮಚ ನೀರು ಬೆರೆಸಿ ಪೇಸ್ಟ್ ಮಾಡಿ ಹಾಕಿ. ನೀರು ಇರುವವರೆಗೆ ಪುಡಿ 100 ಡಿಗ್ರಿ ದಾಟುವುದಿಲ್ಲ. ನೀರು ಇಂಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಹಸಿ ವಾಸನೆ ಹೋಗಿರುತ್ತದೆ. ಎಣ್ಣೆ ಬಿಡುವ ಆ ಹೊತ್ತಿಗೆ ಎಚ್ಚರವಿರಲಿ, ಕಾಪಾಡುತ್ತಿದ್ದ ನೀರು ಮುಗಿದಿದೆ ಎಂದೇ ಅದರ ಅರ್ಥ. ತಕ್ಷಣ ಮುಂದಿನ ಪದಾರ್ಥ ಸೇರಿಸಿ.

ಮೂರನೆಯದು ತಳದ ಕರಿ. ಎರಡು ದೊಡ್ಡ ಚಮಚ ನೀರು ಹಾಕಿ ಕದಡಿ, ಬಿಳಿ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿ. ಕಾಫಿ ಡಿಕಾಕ್ಷನ್ನಿನ ಕೆಂಪು ಕಂದು ಕಂಡರೆ ಉಳಿಸಿಕೊಳ್ಳಿ. ಇದ್ದಿಲ ಪುಡಿಯಂಥ ಕಪ್ಪು ಚುಕ್ಕೆ ಕಂಡರೆ ಚೆಲ್ಲಿ. ಎರಡು ಮೂರು ಸುತ್ತು ಹುರಿಯುವಾಗ ಸುತ್ತಿನ ನಡುವೆ ಬಾಣಲೆ ಒರೆಸದಿದ್ದರೆ ಮೊದಲ ಸುತ್ತಿನ ಚೂರುಗಳು ಮೂರನೆಯ ಸುತ್ತಿಗೆ ಇದ್ದಿಲಾಗಿರುತ್ತವೆ.

ನಾಲ್ಕನೆಯದು ಯಾರಿಗೂ ಹೊಳೆಯದ ಕಾರಣ, ಈ ಎಣ್ಣೆಗೇ ವಿಶೇಷವಾದದ್ದು. ಬೆಳ್ಳುಳ್ಳಿ, ಸೊಪ್ಪು, ನಿಂಬೆರಸದ ಜೊತೆ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನೂ ಮಿಕ್ಸಿಗೆ ಹಾಕಿ ರುಬ್ಬಿದರೆ ಮಸಾಲೆ ಒಲೆಗೆ ಹೋಗುವ ಮೊದಲೇ ಕಹಿಯಾಗುತ್ತದೆ. ಬ್ಲೇಡಿನ ವೇಗಕ್ಕೆ ಎಣ್ಣೆ ತೀರ ಸಣ್ಣ ಹನಿಗಳಾಗಿ ಒಡೆದು, ಕೊಬ್ಬಿನೊಳಗೆ ಅಡಗಿದ್ದ ಕಹಿ ಫೀನಾಲುಗಳು ನೀರಿನಂಶಕ್ಕೆ ಬಂದು ನಾಲಿಗೆಗೆ ನೇರವಾಗಿ ತಾಗುತ್ತವೆ. ಎಣ್ಣೆ ಎಷ್ಟು ಒಳ್ಳೆಯದೋ ಕಹಿ ಅಷ್ಟು ಜೋರು. ಪರೀಕ್ಷೆ ಸುಲಭ: ರುಬ್ಬಿದ ಮಸಾಲೆಯನ್ನು ಹಸಿಯಾಗಿಯೇ ಬೆರಳ ತುದಿಯಲ್ಲಿ ನೆಕ್ಕಿ ನೋಡಿ. ಉಳಿದದ್ದನ್ನೆಲ್ಲ ಸ್ವಲ್ಪ ನೀರಿನಲ್ಲಿ ಮೊದಲು ರುಬ್ಬಿ, ಬಟ್ಟಲಿಗೆ ತೆಗೆದು, ಎಣ್ಣೆಯನ್ನು ಚಮಚದಿಂದ ಕೈಯಲ್ಲೇ ಕಲಸಿದರೆ ಈ ತೊಂದರೆ ಇರುವುದಿಲ್ಲ.

ಒಣ ರೋಸ್‌ಮೇರಿ, ಥೈಮ್‌ನಂಥ ಎಲೆಗಳು ಜೋರು ಉರಿಯಲ್ಲಿ ಸುಟ್ಟು ಕಹಿ ಕೊಡುವುದೂ ಉಂಟು. ಅವನ್ನು ಕೊನೆಯ ಎರಡು ನಿಮಿಷದಲ್ಲಿ ಹಾಕಿ. ಇವೆಲ್ಲ ತಪ್ಪಿದ ಮೇಲೂ ಸಣ್ಣ ಕಹಿ ಉಳಿದು, ಎಣ್ಣೆಯ ಚಮಚ ಪರೀಕ್ಷೆಯಲ್ಲಿ ಗಂಟಲು ಕೆರೆದಿದ್ದರೆ ಅದು ಎಣ್ಣೆಯದೇ. ಕೊನೆಗೆ ಸುರಿಯುವ ಹಸಿ ಎಣ್ಣೆಯನ್ನು ಅರ್ಧಕ್ಕೆ ಇಳಿಸಿ, ಒಂದು ಚಿಟಿಕೆ ಉಪ್ಪು ಹೆಚ್ಚಿಸಿ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಸಕ್ಕರೆಗಿಂತ ಚೆನ್ನಾಗಿ ಅಡಗಿಸುತ್ತದೆ.

ನೆನೆಹಾಕಿದ್ದರೂ ಒಳಗೆ ಸಪ್ಪೆ, ಹೊರಗೆ ಹಿಟ್ಟಿನಂತೆ

ಎಣ್ಣೆ ಮಾಂಸದೊಳಗೆ ಇಳಿಯುವುದಿಲ್ಲ. ಒಳಗೆ ಇಳಿಯುವುದು ಉಪ್ಪು. ಎಣ್ಣೆ ಮಾಡುವ ಕೆಲಸ ಬೇರೆ: ಎಣ್ಣೆಯಲ್ಲಿ ಕರಗುವ ಘಮಗಳನ್ನು ಮೇಲ್ಮೈಗೆ ಸಮನಾಗಿ ಹರಡುತ್ತದೆ, ಶಾಖವನ್ನು ಸಮನಾಗಿ ಮುಟ್ಟಿಸುತ್ತದೆ. ಅದಕ್ಕೆ ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಧಾರಾಳ. ಕಾಲು ಬಟ್ಟಲು ಸುರಿದರೆ ಹೆಚ್ಚಿನದು ತಳದಲ್ಲೇ ಉಳಿಯುತ್ತದೆ, ಕೆಂಡದ ಮೇಲಾದರೆ ತೊಟ್ಟಿಕ್ಕಿ ಉರಿ ಎದ್ದು ಮಸಿ ಹಿಡಿಯುತ್ತದೆ. ಹೊರಗೆ ಹಿಟ್ಟಿನಂತಾಗುವುದು ಹುಳಿಯಿಂದ. ನಿಂಬೆರಸ ಅಥವಾ ವಿನೆಗರ್ ಇದ್ದರೆ ಕೋಳಿಗೆ ಎರಡು ಗಂಟೆ ಸಾಕು.

ಬೆಳ್ಳುಳ್ಳಿ ಬೆರೆಸಿದ ಎಣ್ಣೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದಾಗ ಗಾಳಿ ಸಿಗದ ಜಾಗವಾಗುತ್ತದೆ, ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದಂಥದ್ದು. ಅದರ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರುವುದಿಲ್ಲ. ಇಂಥ ಎಣ್ಣೆಯನ್ನು ಹೊರಗಿಡಬೇಡಿ, ಮಾಡಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ ನಾಲ್ಕು ದಿನದೊಳಗೆ ಮುಗಿಸಿ.

ಗಟ್ಟಿಯಾಗಿದೆ, ಒಣಗಿದೆ

ಹೆಚ್ಚು ಎಣ್ಣೆ ಹಾಕಿದರೆ ಮೆತ್ತಗಾಗುತ್ತದೆ ಎಂಬುದು ಬರಿ ನಂಬಿಕೆ. ಎದೆ ಮಾಂಸದಂಥ ಮೃದು ಭಾಗ ಒಣಗಿದ್ದರೆ ಒಳಗಿನ ಉಷ್ಣತೆ ಮೀರಿದೆ. ಥರ್ಮಾಮೀಟರಿನ ತುದಿಯನ್ನು ಎಲುಬಿಗೆ ತಾಗದಂತೆ ಅತಿ ದಪ್ಪ ಜಾಗದ ನಡುವಿಗೆ ಚುಚ್ಚಿ. ಕೋಳಿಗೆ (ಅದರ ಕೈಮಾಕ್ಕೂ) 74, ಉಳಿದ ಕೈಮಾಕ್ಕೆ 71, ಕುರಿ, ಹಂದಿ, ದನದ ಇಡೀ ತುಂಡಿಗೆ 63 ಡಿಗ್ರಿ ಬಂದು ಮೂರು ನಿಮಿಷ ವಿರಾಮ. ಕೋಳಿ 80 ದಾಟಿದರೆ ರಸ ಹೊರಗೆ ಹೋಗಿರುತ್ತದೆ, ಎಣ್ಣೆ ಅದನ್ನು ತಂದುಕೊಡುವುದಿಲ್ಲ. ತೆಳುವಾಗಿ ಹೆಚ್ಚಿ, ತಳದ ರಸದಲ್ಲಿ ಹೊರಳಿಸಿ ಬಡಿಸುವುದೇ ಉಳಿದ ದಾರಿ.

ಭುಜ, ಕಾಲಿನಂಥ ಎಳೆ ಎಳೆಯ ಭಾಗ ಗಟ್ಟಿಯಾಗಿದ್ದರೆ ತದ್ವಿರುದ್ಧ, ಬೆಂದದ್ದು ಸಾಲದು. ಅದರ ಕೊಲಾಜನ್ ಎಂಬ ಗಟ್ಟಿ ನಾರು ಕರಗಿ ಮೆತ್ತನೆಯ ಜೆಲಾಟಿನ್ ಆಗಲು 90ರ ಆಸುಪಾಸಿನಲ್ಲಿ ಎರಡರಿಂದ ಮೂರು ಗಂಟೆ ಬೇಕು. ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. ಪ್ರೆಷರ್ ಕುಕ್ಕರಿನಲ್ಲಿ ಒಳಗಿನ ಶಾಖ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ.

ಎಣ್ಣೆ ತೇಲುತ್ತಿದೆ, ಅಥವಾ ಎಣ್ಣೆಯ ಘಮವೇ ಇಲ್ಲ

ತೇಲುವುದೆಲ್ಲ ನೀವು ಹಾಕಿದ ಎಣ್ಣೆಯಲ್ಲ. ಕಿಲೋಗೆ ಎರಡು ದೊಡ್ಡ ಚಮಚವಷ್ಟೇ ಹಾಕಿದ್ದರೆ ಮೇಲೆ ಬೆರಳು ದಪ್ಪದ ಪದರ ಎಲ್ಲಿಂದ ಬರಬೇಕು? ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನೋಡಿ. ಬಿಳಿ ಹೆಂಚಿನಂತೆ ಗಟ್ಟಿಯಾಗಿ ಮುರಿಯುವ ಪದರವಾದರೆ ಅದು ಕುರಿ ಅಥವಾ ದನದ ಕೊಬ್ಬು. ಹಳದಿಯಾಗಿ, ಬೆರಳು ತಾಗಿದರೆ ಕರಗುವಂತಿದ್ದರೆ ಆಲಿವ್ ಎಣ್ಣೆಯ ಪಾಲು ಹೆಚ್ಚು. ಕೋಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಕೊಬ್ಬೇ ಮೆತ್ತಗಿರುತ್ತದೆ. ಕೊಬ್ಬಿನದಾದರೆ ಮುಂದಿನ ಸಲ ಹುರಿದ ಮೇಲೆ ಬಾಣಲೆಯ ಕೊಬ್ಬನ್ನು ಬಸಿದು, ಗ್ರೇವಿಗೆ ಹೊಸ ಎಣ್ಣೆ ಒಂದು ದೊಡ್ಡ ಚಮಚ ಹಾಕಿ ಶುರು ಮಾಡಿ.

ಘಮ ಇಲ್ಲದಿರುವುದು ದೋಷವಲ್ಲ, ಲೆಕ್ಕ ತಪ್ಪಿದ್ದು. ಕಾಯಿಯ, ಹಸಿ ಎಲೆಯ ವಾಸನೆ ಕೊಡುವ ಅಂಶಗಳು ಸುಲಭವಾಗಿ ಆವಿಯಾಗುವಂಥವು. ಅರ್ಧ ಗಂಟೆ ಕುದಿದ ಸಾರಿನಲ್ಲಿ ಅವು ಉಳಿಯುವುದಿಲ್ಲ. ಎಣ್ಣೆಯನ್ನು ಎರಡು ಪಾಲು ಮಾಡಿ: ಹುರಿಯಲು ಮೂರನೇ ಎರಡು, ಒಲೆ ಆರಿಸಿ ಎರಡು ನಿಮಿಷದ ಮೇಲೆ ಉಳಿದದ್ದು. ದುಬಾರಿ ಎಣ್ಣೆ, ಸಾಧಾರಣ ಎಣ್ಣೆ ಎರಡೂ ಮನೆಯಲ್ಲಿದ್ದರೆ ದುಬಾರಿಯದನ್ನು ಕೊನೆಗೇ ಉಳಿಸಿಕೊಳ್ಳಿ.

ಬಾಣಲೆಯ ರಸಕ್ಕೆ ಕೊನೆಗೆ ಸೇರಿಸಿದ ಎಣ್ಣೆ ಒಡೆದು ಬೇರೆಯಾದರೆ ಜೋರಾಗಿ ಕುದಿದಿದೆ ಅಥವಾ ನೀರು ಇಂಗಿಹೋಗಿದೆ. ಉರಿಯಿಂದ ಇಳಿಸಿ, ಒಂದು ದೊಡ್ಡ ಚಮಚ ಬಿಸಿ ನೀರು ಹಾಕಿ ಬಾಣಲೆಯನ್ನೇ ತಿರುಗಿಸುತ್ತ ಕದಡಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಕಾಲು ಚಿಕ್ಕ ಚಮಚ ಸಾಸಿವೆ ಪೇಸ್ಟ್.

ಓವನ್ನಿನಲ್ಲಿ

220 ಡಿಗ್ರಿಯ ಓವನ್ನಿನಲ್ಲಿ ಈ ಎಣ್ಣೆ ಹೊಗೆಯಾಡದೆ ಇರುತ್ತದೆಯೇ? ಮಾಂಸದ ಮೇಲಿದ್ದರೆ ಇರುತ್ತದೆ, ಒಳಗಿನಿಂದ ಬರುವ ತೇವ ಮೇಲ್ಮೈಯನ್ನು ತಂಪಾಗಿಡುತ್ತದೆ. ಹೊಗೆ ಬರುವುದು ಟ್ರೇಯ ಖಾಲಿ ಜಾಗದಲ್ಲಿ ಹರಡಿದ ಎಣ್ಣೆಯಿಂದ. ಎಣ್ಣೆಯನ್ನು ಟ್ರೇಗೆ ಸುರಿಯದೆ ಮಾಂಸಕ್ಕೆ ಸವರಿ, ಕಿಲೋಗೆ ಒಂದು ದೊಡ್ಡ ಚಮಚ. ತುಂಡುಗಳ ಅಳತೆಗೆ ತಕ್ಕ ಟ್ರೇ ಬಳಸಿ, ಅಥವಾ ಖಾಲಿ ಜಾಗಕ್ಕೆ ಈರುಳ್ಳಿ ಹೋಳು ಹರಡಿ.

ಮರುದಿನ ಬಿಸಿ ಮಾಡಿದಾಗ ಹಳಸಲು ವಾಸನೆ

ನಿನ್ನೆ ಚೆನ್ನಾಗಿತ್ತು, ಇಂದು ರಟ್ಟಿನ ವಾಸನೆ. ಇದಕ್ಕೂ ಎಣ್ಣೆಯನ್ನೇ ದೂರುತ್ತಾರೆ. ನಿಜ ಕಾರಣ ಮಾಂಸದೊಳಗಿದೆ. ಬೇಯುವಾಗ ಮಾಂಸದ ವರ್ಣದ್ರವ್ಯದಿಂದ ಕಬ್ಬಿಣ ಬಿಡುಗಡೆಯಾಗಿ, ಮಾಂಸದ ಜೀವಕೋಶಗಳ ಸೂಕ್ಷ್ಮ ಕೊಬ್ಬನ್ನು ಬೇಗ ಆಕ್ಸಿಡೀಕರಿಸುತ್ತದೆ. ಬೆಂದ ಮಾಂಸಕ್ಕೆ ಗಾಳಿ ಸೋಕಿದಷ್ಟೂ ವಾಸನೆ ಹೆಚ್ಚು. ಉಳಿದ ಮಾಂಸವನ್ನು ಒಣಗಲು ಬಿಡದೆ ಗ್ರೇವಿಯಲ್ಲಿ ಮುಳುಗಿಸಿ, ಚಪ್ಪಟೆ ಡಬ್ಬದಲ್ಲಿ ಬೇಗ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಗ್ರೇವಿ ಇಲ್ಲದಿದ್ದರೆ ಡಬ್ಬ ತುಂಬಿರಲಿ, ಗಾಳಿಗೆ ಜಾಗ ಕಡಿಮೆಯಿರಲಿ. ಬಿಸಿ ಮಾಡಿದ ಮೇಲೆ ಒಂದು ಚಿಕ್ಕ ಚಮಚ ಹಸಿ ಎಣ್ಣೆ ಹಾಕಿದರೆ ಘಮ ಮರಳುತ್ತದೆ. ವಾಸನೆ ಗ್ರೇವಿ ಇಲ್ಲದ ತುಂಡಿನಲ್ಲಷ್ಟೇ ಇದೆಯೇ, ಗ್ರೇವಿಯ ಮೇಲಿನ ಎಣ್ಣೆಯಲ್ಲೂ ಇದೆಯೇ ಎಂದು ಬೇರೆ ಬೇರೆಯಾಗಿ ಮೂಸಿ. ಎಣ್ಣೆಯಲ್ಲೂ ಇದ್ದರೆ ಮತ್ತೆ ಬಾಟಲಿಯ ಚಮಚ ಪರೀಕ್ಷೆಗೆ ಹೋಗಿ.

ಬಾಣಲೆಯ ಅಂಟು

ಆಲಿವ್ ಎಣ್ಣೆ ಅಗಸೆ ಎಣ್ಣೆಯಂತೆ ಪೂರ್ತಿ ಒಣಗುವ ಜಾತಿಯದಲ್ಲ. ತೆಳು ಪದರವಾಗಿ ಪದೇ ಪದೇ ಕಾದಾಗ ಅದು ಅರ್ಧ ಗಟ್ಟಿಯಾಗಿ, ಕೈಗೆ ಜಿಗುಟಾಗಿ ಹತ್ತುವ ಹಳದಿ ಮೇಣವಾಗುತ್ತದೆ. ಕಬ್ಬಿಣದ ಬಾಣಲೆ ಪಳಗಿಸಲು ಇದನ್ನು ಬಳಸಿದರೆ ಮೈ ಅಂಟಂಟಾಗಿ ಉಳಿಯುವುದೂ ಇದಕ್ಕೇ. ಸ್ಟೀಲ್ ಬಾಣಲೆಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಅಲ್ಯೂಮಿನಿಯಂಗೆ ಸೋಡಾ ಬೇಡ, ಕಪ್ಪಾಗುತ್ತದೆ. ಬಿಸಿ ನೀರು, ಸೋಪು, ತಾಳ್ಮೆ ಅಷ್ಟೇ. ನಾನ್‌ಸ್ಟಿಕ್ ಬಾಣಲೆಯಲ್ಲಿ ಈ ಮೇಣ ಕುಳಿತರೆ ಮೇಲ್ಪದರ ಇದ್ದೂ ಮಾಂಸ ಅಂಟುತ್ತದೆ. ಬಿಸಿ ನೀರು ತುಂಬಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ತಣಿದ ಮೇಲೆ ಮೆತ್ತನೆ ಸ್ಪಂಜಿನಿಂದ ವೃತ್ತಾಕಾರದಲ್ಲಿ ಒರೆಸಿ. ಅಂಚಿನ ಒಳತಿರುವನ್ನು ಬೆರಳಿನಿಂದ ಸವರಿ ನೋಡಿ, ಮೇಣ ಉಳಿಯುವುದು ಅಲ್ಲೇ.